ಕೊಚ್ಚಿಗೆ ಹೋಗುವ ದಾರಿಯಲ್ಲಿ ಕಂಬಂ

(ಮಾವ ಬ್ಯಾಂಕ್ ನೌಕರಿಯಲ್ಲಿ ದಿಂಡಿಗಲ್ಲು, ಕಂಬಂ ಕಡೆ ಕೆಲಸ ಮಾಡಿ ನಿವೃತ್ತರಾದವರು, ಈಗ ಮೈಸೂರಿನಲ್ಲಿದ್ದಾರೆ. ಸೋದರಳಿಯ ಬೆಂಗಳೂರಿನವನು, ಸಂಕ್ರಾಂತಿ ರಜೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಚ್ಚಿಗೆ ಹೊರಟಿದ್ದಾನೆ.)

ಅಳಿಯ: ಪಟ್ಟಿ ತಯಾರಾಯ್ತು ಮಾವ. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು, ವಾಸ್ಕೋ ಡ ಗಾಮನನ್ನ ಮೊದಲು ಹೂಳಿದ್ದ ಸಂತ ಫ್ರಾನ್ಸಿಸ್ ಚರ್ಚು, ಮಟ್ಟಾಂಚೇರಿಯ ಅರಮನೆ, 1568ರ ಯಹೂದಿ ಮಂದಿರ, ಮಸಾಲೆ ಬೀದಿ. ಸಂಜೆಗೆ ಕಡಲು ಹೇಗೂ ಇದೆ.

ಮಾವ: ಭೇಷ್. ಯಾವ ದಾರಿ?

ಅಳಿಯ: ಸೇಲಂ, ಕರೂರು, ದಿಂಡಿಗಲ್ಲು, ತೇನಿ, ಕುಮಳಿ. ಪಾಲಕ್ಕಾಡ್ ದಾರಿ ಹತ್ತಿರ, ಆದರೆ ಮಕ್ಕಳಿಗೆ ತೇಕ್ಕಡಿಯಲ್ಲಿ ದೋಣಿ ಹತ್ತಬೇಕಂತೆ.

ಮಾವ: ದಿಂಡಿಗಲ್ಲಿಂದ ಕುಮಳಿವರೆಗೆ ಏನು ಮಾಡ್ತೀಯ?

ಅಳಿಯ: ದಿಂಡಿಗಲ್ಲಲ್ಲಿ ಬಿರಿಯಾನಿ ತಿನ್ನೋದು. ಆಮೇಲೆ ಘಟ್ಟ ಹತ್ತೋವರೆಗೂ ಗಾಡಿ ಓಡಿಸೋದು.

ಮಾವ: ಎಲ್ಲರೂ ಅಷ್ಟೇ ಮಾಡೋದು. ಕೊಡೈಕೆನಾಲಿಗೆ ಹೋಗೋರು, ಮುನ್ನಾರಿಗೆ ಹೋಗೋರು, ಶಬರಿಮಲೆಗೆ ಹೋಗೋರು, ಎಲ್ಲರಿಗೂ ಅದು ಬರೀ ದಾರಿ. ನಿನ್ನ ಪಟ್ಟಿಯಲ್ಲಿ ಇರೋದೇನು? ಒಂದು ಕೋಟೆ, ಒಂದು ಮಸಾಲೆ ಬೀದಿ, ಹೊರಗಿಂದ ಬಂದು ನೆಲೆಸಿದ ಜನರ ಒಂದು ಕೇರಿ, ನೀರು. ನಾಲ್ಕೂ ದಾರಿಯಲ್ಲೇ ಸಿಗುತ್ತೆ. ಹೊರಗಿಂದ ಬಂದ ಜನ ಅಂದೆನಲ್ಲ, ಅವರು ಮನೆಯಲ್ಲಿ ಆಡೋದು ಕನ್ನಡ.

ಅಳಿಯ: ಕಡಲು ಎಲ್ಲಿಂದ ತರ್ತೀರಿ?

ಮಾವ: ಅದಕ್ಕೂ ಬರ್ತೀನಿ. ಮೊದಲು ಕೋಟೆ. ದಿಂಡಿಗಲ್ಲಿನ ಕೋಟೆ ಇರೋದು ಊರ ನಡುವೆ ಎದ್ದು ನಿಂತಿರೋ ಬೋಳು ಬಂಡೆ ಮೇಲೆ. 1605ರಲ್ಲಿ ಮಧುರೆಯ ಮುತ್ತುಕೃಷ್ಣಪ್ಪ ನಾಯಕ ಕಟ್ಟಿಸಿದ್ದು, ತಿರುಮಲ ನಾಯಕ ಬಲಪಡಿಸಿದ್ದು. ಬೆಳಿಗ್ಗೆ ಬೇಗ ಹತ್ತಬೇಕು, ಹತ್ತು ಗಂಟೆ ಆಯ್ತು ಅಂದರೆ ಬಂಡೆ ಕಾಯ್ದು ಕಾಲಿಡೋಕಾಗಲ್ಲ. ಮೇಲೆ ಒಂದು ಗುಡಿ ಇದೆ, ಒಳಗೆ ದೇವರಿಲ್ಲ. ದೇವರು ಕೆಳಗೆ ಊರಿನ ಅಭಿರಾಮಿ ಅಮ್ಮನ್ ಗುಡಿಗೆ ಬಂದಾಗಿದೆ. ಉಳಿದದ್ದು ಮದ್ದಿನ ಮನೆ, ಉಗ್ರಾಣ, ಬತೇರಿ.

ಅಳಿಯ: ಹೈದರಾಲಿ ಅಲ್ಲಿ ಇದ್ದದ್ದು ಅಲ್ವಾ?

ಮಾವ: ಅವನು ಹೈದರಾಲಿ ಆದದ್ದೇ ಅಲ್ಲಿ ಅನ್ನಬಹುದು. 1755ರಲ್ಲಿ ಮೈಸೂರಿನ ಕಡೆಯಿಂದ ದಿಂಡಿಗಲ್ಲಿನ ಫೌಜುದಾರನಾಗಿ ಹೋದ. ಸುತ್ತಲಿನ ಪಾಳೆಯಗಾರರು ಕಪ್ಪ ಕೊಡ್ತಿರಲಿಲ್ಲ, ಅವರನ್ನ ಬಗ್ಗಿಸೋದು ಕೆಲಸ. ಫ್ರೆಂಚರ ಕಡೆಯ ಕುಶಲಕರ್ಮಿಗಳನ್ನ ಕರೆಸಿ ತೋಪು, ಮದ್ದಿನ ಕಾರ್ಖಾನೆ ಮಾಡಿಸಿದ. ಸ್ವಂತ ದುಡ್ಡು, ಸ್ವಂತ ದಂಡು, ಎರಡೂ ಕೂಡಿದ್ದು ಅಲ್ಲಿ. ಆರೇಳು ವರ್ಷದಲ್ಲಿ ಶ್ರೀರಂಗಪಟ್ಟಣ ಅವನ ಕೈಯಲ್ಲಿತ್ತು. ಶ್ರೀರಂಗಪಟ್ಟಣ ನೋಡಿದವರು ದಿಂಡಿಗಲ್ಲನ್ನೂ ನೋಡಬೇಕು ಅನ್ನೋದು ಅದಕ್ಕೆ.

ಅಳಿಯ: ಹಾಗಾದರೆ ಮಕ್ಕಳಿಗೆ ‘ಇದು ನಮ್ಮ ಕೋಟೆ’ ಅಂತ ತೋರಿಸಬಹುದು.

ಮಾವ: ತೋರಿಸು. ಆದರೆ ಕೆಳಗೆ ನಿಂತವರ ಕಡೆಯಿಂದಲೂ ಒಂದು ಮಾತು ಹೇಳು. ಪಾಳೆಯಗಾರರ ಊರುಗಳಿಗೆ ಆ ದಂಡು ಅಂದರೆ ತೆರಿಗೆ ಕೇಳೋಕೆ ಬಂದ ದಂಡು. ಅದೇ ಹೈದರ್ ಮುಂದೆ ಶಿವಗಂಗೆಯ ರಾಣಿ ವೇಲು ನಾಚಿಯಾರ್‌ಗೆ ಬೆನ್ನಾಗಿ ನಿಂತ. 1772ರಲ್ಲಿ ಗಂಡ ಕಾಳೈಯಾರ್‌ಕೋವಿಲ್ ಕದನದಲ್ಲಿ ಸತ್ತ ಮೇಲೆ ಅವಳು ಆಶ್ರಯ ಪಡೆದದ್ದು ದಿಂಡಿಗಲ್ಲು, ವಿರೂಪಾಕ್ಷಿ ಸೀಮೆಯಲ್ಲಿ. 1780ರ ಹೊತ್ತಿಗೆ ಹೈದರನ ದಂಡಿನ ನೆರವು ಪಡೆದು ಶಿವಗಂಗೆಯನ್ನ ವಾಪಸ್ ಗೆದ್ದಳು. ಅವಳಿಗೆ ನೆರಳಾಗಿದ್ದ ವಿರೂಪಾಕ್ಷಿಯ ಗೋಪಾಲ ನಾಯಕನನ್ನ 1801ರಲ್ಲಿ ಇಂಗ್ಲಿಷರು ಗಲ್ಲಿಗೆ ಹಾಕಿದರು. ಒಂದೇ ಕೋಟೆ, ಒಬ್ಬೊಬ್ಬರಿಗೆ ಒಂದೊಂದು ಥರ.

ಅಳಿಯ: ಮೈಸೂರಿನ ಕೈ ತಪ್ಪಿದ್ದು ಯಾವಾಗ?

ಮಾವ: ಒಂದೇ ಸಲಕ್ಕೆ ತಪ್ಪಲಿಲ್ಲ. 1783ರಲ್ಲಿ ಇಂಗ್ಲಿಷರು ಹಿಡಿದರು, 1784ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪುಗೆ ವಾಪಸ್ ಬಂತು, 1790ರಲ್ಲಿ ಮತ್ತೆ ಹೋಯ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್, ಮಲಬಾರ್ ಜೊತೆಗೆ ದಿಂಡಿಗಲ್ಲನ್ನೂ ಬರೆದುಕೊಟ್ಟದ್ದಾಯ್ತು. ಆ ಕಾಲದ ಗುರುತು ಬೇಗಂಪೂರ್ ಕೇರಿಯಲ್ಲಿ ಇನ್ನೂ ಇದೆ. ಹೈದರನ ತಂಗಿ ಅಮೀರುನ್ನಿಸಾ ಬೇಗಂ ಸಮಾಧಿ ಇರೋದ್ರಿಂದ ಕೇರಿಗೆ ಆ ಹೆಸರು ಅಂತ ಅಲ್ಲಿಯವರು ಹೇಳ್ತಾರೆ. ದೊಡ್ಡ ಮಸೀದಿಯ ಹೊರಗೆ ನಿಂತು ಸುತ್ತ ನೋಡಿದರೆ ತೊಗಲಿನ ವ್ಯಾಪಾರ, ಬಿರಿಯಾನಿ ಅಂಗಡಿ, ಶಾಲೆ ಬಿಟ್ಟ ಮಕ್ಕಳು. ಕೋಟೆಯಲ್ಲಿ ಕಾಣದ ಚರಿತ್ರೆ ಅಲ್ಲಿ ಬೀದಿಯಲ್ಲಿ ಓಡಾಡ್ತಿರುತ್ತೆ.

ಅಳಿಯ: ಬಿರಿಯಾನಿ ಬಗ್ಗೆ ಏನೂ ಹೇಳಲ್ವಾ?

ಮಾವ: ಸೀರಗ ಸಾಂಬಾ ಅಂತ ಜೀರಿಗೆಯಷ್ಟು ಸಣ್ಣ ಅಕ್ಕಿ, ಚಿಕ್ಕ ಚಿಕ್ಕ ಮಾಂಸದ ತುಂಡು, ಮೆಣಸಿನ ಖಾರ. 1957ರಲ್ಲಿ ಆನಂದ ವಿಲಾಸ ಅಂತ ಶುರುವಾದ ಹೋಟೆಲು, ಯಜಮಾನರ ರುಮಾಲಿನಿಂದ ತಲಪ್ಪಾಕಟ್ಟಿ ಆಯ್ತು. ಬೆಂಗಳೂರಲ್ಲೇ ತಿಂದಿದ್ದೀಯ, ಬಿಡು. ಅದಕ್ಕಿಂತ ಬೀಗ ನೋಡು.

ಅಳಿಯ: ಬೀಗ ನೋಡೋಕೆ ಹೋಗೋದಾ?

ಮಾವ: ಹೂಂ. ನಾಗಲ್‌ನಗರದ ಕಡೆ ಹೋಗಿ ಬೀಗದ ಪಟ್ಟರೆ ಎಲ್ಲಿ ಅಂತ ಕೇಳು. ಒಂದು ಸಣ್ಣ ಕೋಣೆ, ಒಂದು ಹಿಡಿತಿರುಗಣಿ, ಒಂದಷ್ಟು ಅರ. ಮುದುಕರೊಬ್ಬರು ತಗಡು ಕತ್ತರಿಸಿ, ಒಳಗಿನ ಎಲೆಗಳನ್ನ ಒಂದೊಂದಾಗಿ ಉಜ್ಜಿ, ಬೀಗದ ಕೈ ಹಾಕಿ ತಿರುಗಿಸಿ ನೋಡ್ತಾರೆ. ಎಲ್ಲೋ ಒಂದು ಕೂದಲೆಳೆ ತಡೆದರೂ ಬಿಚ್ಚಿ ಮತ್ತೆ ಉಜ್ಜೋದು. ಮಾವಿನಕಾಯಿ ಆಕಾರದ್ದು ಒಂದು ಬಗೆ. ಕೈ ತಿರುಗಿಸಿದಾಗೆಲ್ಲ ಗಂಟೆ ಹೊಡೆಯೋದು ಇನ್ನೊಂದು. ರಾತ್ರಿ ಯಾರಾದರೂ ಅಂಗಡಿ ಬೀಗ ತೆಗೆದರೆ ಯಜಮಾನನಿಗೆ ಎಚ್ಚರ ಆಗಬೇಕಲ್ಲ, ಅದಕ್ಕೆ. 2019ರಲ್ಲಿ ದಿಂಡಿಗಲ್ಲು ಬೀಗಕ್ಕೆ ಭೌಗೋಳಿಕ ಗುರುತು ಸಿಕ್ತು. ಅಷ್ಟು ಹೊತ್ತಿಗೆ ಅಲಿಗಢದ ಯಂತ್ರದ ಬೀಗ ಮಾರುಕಟ್ಟೆ ತುಂಬಿಕೊಂಡು, ಕೈಕೆಲಸದವರು ಕೈಬೆರಳೆಣಿಕೆಗೆ ಬರ್ತಾ ಇದ್ದರು. ಒಂದು ಬೀಗ ಕೊಂಡುಕೊ. ಚೌಕಾಸಿ ಮಾಡಬೇಡ.

ಅಳಿಯ: ಕನ್ನಡ ಆಡೋ ಜನ ಅಂದಿರಲ್ಲ, ಅವರು ಎಲ್ಲಿ?

ಮಾವ: ಎರಡು ಗುಂಪು. ಮಧುರೆ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಚಿನ್ನಾಳಪಟ್ಟಿ. ನೇಕಾರರ ಊರು, ಸುಂಗುಡಿ ಸೀರೆಗೆ ಹೆಸರು. ದೇವಾಂಗರ ಕೇರಿಗಳಿವೆ. ತಮಿಳುನಾಡಿನ ದೇವಾಂಗರಲ್ಲಿ ಮನೆಯಲ್ಲಿ ಕನ್ನಡ ಆಡೋರು, ತೆಲುಗು ಆಡೋರು, ಎರಡೂ ಇದ್ದಾರೆ. ಕುಲದೇವಿ ನಮ್ಮ ಚೌಡೇಶ್ವರಿ, ಅಲ್ಲಿ ಸೌಡಾಂಬಿಕೆ. ಹಬ್ಬಕ್ಕೆ ಗಂಡಸರು ಕತ್ತಿ ಹಿಡಿದು, ಎದೆ ತೋಳಿಗೆ ಹೊಡೆದುಕೊಳ್ತಾ ಅಮ್ಮನನ್ನ ಕರೀತಾರೆ. ನಮ್ಮ ಕಡೆ ಅಲಗು ಸೇವೆ ಅಂತೀವಲ್ಲ, ಅದೇ. ಊರ ಪಕ್ಕದಲ್ಲೇ ಗಾಂಧಿಗ್ರಾಮ. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ 1947ರಲ್ಲಿ ಶುರು ಮಾಡಿದ್ದು, ಈಗ ವಿಶ್ವವಿದ್ಯಾಲಯ.

ಅಳಿಯ: ಇನ್ನೊಂದು ಗುಂಪು?

ಮಾವ: ಅವರನ್ನ ನೋಡೋಕೆ ಕಂಬಂಗೇ ಹೋಗಬೇಕು. ಬತ್ಲಗುಂಡು, ಪೆರಿಯಕುಳಂ, ತೇನಿ ದಾಟಿದ ಮೇಲೆ ಎರಡೂ ಕಡೆ ಬೆಟ್ಟ ಹತ್ತಿರ ಬರ್ತಾ ಹೋಗುತ್ತೆ. ಬಲಕ್ಕೆ ಕೇರಳದ ಏಲಕ್ಕಿ ಬೆಟ್ಟ, ಎಡಕ್ಕೆ ಮೇಘಮಲೆ. ನಡುವೆ ಭತ್ತ, ತೆಂಗು, ಬಾಳೆ, ದ್ರಾಕ್ಷಿ. ಅಲ್ಲಿಯ ಒಕ್ಕಲಿಗರನ್ನ ತಮಿಳರು ಕಾಪಿಲಿಯರ್ ಅಂತ ಕರೀತಾರೆ. ಕಂಬಂ, ಬೋಡಿ, ದೇವಾರಂ ಸುತ್ತಮುತ್ತ ನೂರಾರು ವರ್ಷದಿಂದ ಬೇಸಾಯ ಮಾಡ್ಕೊಂಡಿದ್ದಾರೆ. ತುಂಗಭದ್ರೆ ಕಡೆಯಿಂದ ಬಂದೋರು ಅನ್ನೋದು ಅವರ ಕತೆ. ಓಡಿ ಬರುವಾಗ ಹೊಳೆ ತುಂಬಿತ್ತಂತೆ, ದಡದ ಹೊಂಗೆಮರ ಬಾಗಿ ಸೇತುವೆ ಆಯ್ತಂತೆ. ಇಂಥ ಕತೆಗಳನ್ನ ಮಧುರೆ ಸೀಮೆಯ ಹಳೇ ಪುಸ್ತಕಗಳು ಬರೆದಿಟ್ಟಿವೆ.

ಅಳಿಯ: ಅವರ ಕನ್ನಡ ನಮಗೆ ಅರ್ಥ ಆಗುತ್ತಾ?

ಮಾವ: ನಿಧಾನಕ್ಕೆ ಆಡಿದರೆ ಆಗುತ್ತೆ. ಬ್ಯಾಂಕಿನ ಕೌಂಟರಿನಲ್ಲಿ ಅಣ್ಣ ತಮ್ಮ ಇಬ್ಬರು ಬೆಳೆ ಸಾಲದ ಅರ್ಜಿ ಹಿಡಿದು ನಿಲ್ಲೋರು. ನನ್ನ ಜೊತೆ ತಮಿಳು, ಅವರವರ ಮಧ್ಯೆ ಕನ್ನಡ, ರುಜು ಮತ್ತೆ ತಮಿಳಲ್ಲಿ. ನಾನು ಕನ್ನಡದಲ್ಲಿ ಮಾತಾಡಿಸಿದರೆ ನಕ್ಕು ತಮಿಳಿನಲ್ಲೇ ಉತ್ತರ ಕೊಡೋರು. ಮನೆ ಮಾತನ್ನ ಬ್ಯಾಂಕಿನಲ್ಲಿ ಆಡೋ ಅಭ್ಯಾಸ ಅವರಿಗಿಲ್ಲ, ಅಷ್ಟೇ. ಶಾಲೆ ತಮಿಳು, ಸಿನಿಮಾ ತಮಿಳು, ವೋಟು ತಮಿಳುನಾಡಿನದು. ಇಳೈಯರಾಜ ಹುಟ್ಟಿದ ಪಣ್ಣೈಪುರಂ ಅದೇ ಕಣಿವೇಲಿ ಇದೆ. ಅವರ ಹಾಡು ಈ ಒಕ್ಕಲಿಗರಿಗೆ ಪಕ್ಕದೂರಿನ ಹಾಡು.

ಅಳಿಯ: ಆದರೆ ಮಾವ, ಜನರ ಕೇರಿಗೆ ಹೋಗಿ ‘ನೀವು ಕನ್ನಡ ಆಡ್ತೀರಂತೆ, ಆಡಿ ನೋಡೋಣ’ ಅನ್ನೋದು ಚೆನ್ನಾಗಿರುತ್ತಾ? ಮೃಗಾಲಯಕ್ಕೆ ಹೋದ ಹಾಗಾಗುತ್ತೆ.

ಮಾವ: ಸರಿಯಾಗಿ ಹೇಳಿದೆ. ಹಾಗೆ ಮಾಡೋರು ಇದ್ದಾರೆ. ಹೋಗಿ ‘ಅಯ್ಯೋ, ನಮ್ಮೋರು!’ ಅಂತ ತಬ್ಬಿಕೊಳ್ಳೋದು, ಆಮೇಲೆ ‘ನಿಮ್ಮ ಕನ್ನಡ ಕೆಟ್ಟಿದೆ’ ಅಂತ ತಿದ್ದೋದು. ಕಳೆದುಹೋದ ನೆಂಟರನ್ನ ಹುಡುಕಿಕೊಂಡು ಹೋಗಬೇಡ. ಅವರು ಕಳೆದುಹೋಗಿಲ್ಲ, ತಮ್ಮ ಊರಲ್ಲೇ ಇದ್ದಾರೆ. ನೀನು ನೋಡಬೇಕಾದ್ದು ಅವರು ಎಲ್ಲರಿಗೂ ಬಾಗಿಲು ತೆರೆದಿಟ್ಟಿರೋದನ್ನ. ಕಂಬಂ ಊರೊಳಗೆ ತಂಬಿರಾನ್ ಮಾಟ್ಟು ತೊಳುವು ಇದೆ, ದೇವರ ದನಗಳ ದೊಡ್ಡಿ.

ಅಳಿಯ: ಗೋಶಾಲೆಯಾ?

ಮಾವ: ಅಲ್ಲ, ಗುಡಿ. ದನವೇ ದೇವರು. ಮಲೆಮಾಡು ಅಂತ ಆ ಬೆಟ್ಟದ ಸೀಮೆಯ ನಾಟಿ ತಳಿ. ಗಟ್ಟಿ ಕಾಲು, ಮೇಯೋದು ಬೆಟ್ಟದಲ್ಲಿ. ಜನ ಹರಕೆ ಹೊತ್ತು ಬಿಟ್ಟ ಹಸು, ಹೋರಿ ಸೇರಿ ಮಂದೆ ಬೆಳೆದಿದೆ. ಮಂದೆಗೆ ಒಂದು ಪಟ್ಟದ ಹೋರಿ. ಅದು ಸತ್ತರೆ ಮುಂದಿನದನ್ನ ಆರಿಸೋ ರೀತಿಯನ್ನ 1906ರ ಮಧುರೆ ಗೆಜೆಟಿಯರು ವಿವರವಾಗಿ ಬರೆದಿದೆ. ಒಳ್ಳೆ ದಿನ ನೋಡಿ ಇಡೀ ಮಂದೆ ಕೂಡಿಸ್ತಾರೆ. ಕರ್ಪೂರ, ಬಾಳೆಹಣ್ಣು, ಎಲೆಅಡಿಕೆ ಇಟ್ಟು ಪೂಜೆ. ಆಮೇಲೆ ಕಬ್ಬಿನ ಒಂದು ಹೊರೆ ತಂದು ಮುಂದಿಡ್ತಾರೆ. ಎಲ್ಲರೂ ಉಸಿರು ಬಿಗಿ ಹಿಡಿದು ಕಾಯೋದು. ಯಾವ ಹೋರಿ ತಾನಾಗಿ ಮೊದಲು ಕಬ್ಬಿನ ಹತ್ತಿರ ಬರುತ್ತೋ ಅದಕ್ಕೇ ಪಟ್ಟ. ಅರಿಶಿನ, ಕುಂಕುಮ, ಹಾರ. ಅವತ್ತಿನಿಂದ ಅದು ನಂದಗೋಪಾಲ ಸ್ವಾಮಿ.

ಅಳಿಯ: ವೋಟೂ ಇಲ್ಲ, ವಂಶವೂ ಇಲ್ಲ. ಹಸಿದೋನಿಗೆ ಪಟ್ಟ.

ಮಾವ: ನಗು. ಆದರೆ ಒಂದು ವಿಷಯ ನೋಡು. ಹೈದರನ ದಂಡು ಬಂತು, ಕೋಟೆ ಹಿಡೀತು, ಹೋಯ್ತು. ಉಳಿದದ್ದು ಕಲ್ಲು. ಒಕ್ಕಲು ಮಕ್ಕಳು ಬರುವಾಗ ಕಟ್ಟಡ ತರಲಿಲ್ಲ, ಮಂದೆ, ಮಾತು ಎರಡನ್ನೂ ಸಾಕಿಕೊಂಡು ಬಂದರು. ದಿನಾ ಬೆಟ್ಟಕ್ಕೆ ಹೊಡೆಯೋರು ಇರಬೇಕು, ಸಂಜೆ ಕಟ್ಟೋರು ಇರಬೇಕು, ಮೇವಿಗೆ ದುಡ್ಡು ಹಾಕೋರು ಇರಬೇಕು. ಒಂದು ತಲೆಮಾರು ಕೈ ಬಿಟ್ಟರೆ ಮುಗೀತು. ಕೋಟೆಗೆ ಪುರಾತತ್ವ ಇಲಾಖೆಯ ಬೇಲಿ, ಟಿಕೆಟ್ ಇದೆ. ಮಂದೆಗೆ ಇರೋದು ಊರು ಮಾತ್ರ. ನೋಡೋ ಜಾಗ ಅಂದರೆ ನಿಂತಿರೋದು ಅಷ್ಟೇ ಅಂದುಕೊಂಡರೆ ಇದು ನಿನ್ನ ಪಟ್ಟಿಗೆ ಸೇರೋದೇ ಇಲ್ಲ.

ಅಳಿಯ: ಒಪ್ಪಿದೆ. ಯಾವಾಗ ಹೋದರೆ ಒಳ್ಳೇದು?

ಮಾವ: ನಿನ್ನ ರಜೆ ಸರಿಯಾಗಿ ಕೂತಿದೆ. ಪೊಂಗಲ್ ಮಾರನೇ ದಿನ ಮಾಟ್ಟು ಪೊಂಗಲ್. ಅವತ್ತು ಸುತ್ತಲಿನ ಊರುಗಳಿಂದ ಎಲ್ಲ ಜಾತಿಯವರೂ ದೊಡ್ಡಿಗೆ ಬರ್ತಾರೆ. ಮಕ್ಕಳ ಕೈಯಲ್ಲಿ ಒಂದಿಷ್ಟು ಬಾಳೆಹಣ್ಣು, ಅಗಸೆ ಸೊಪ್ಪು ಕೊಡು. ಮಾತಾಡಿಸೋದೇನೂ ಬೇಕಿಲ್ಲ. ಸಾಲಿನಲ್ಲಿ ನಿಂತಾಗ ಹಿಂದೆ ಮುಂದೆ ಯಾರೋ ಕನ್ನಡ ಆಡಿದರೆ ಕಿವಿಗೆ ಬೀಳುತ್ತೆ.

ಅಳಿಯ: ಮಸಾಲೆ ಬೀದಿ, ನೀರು ಬಾಕಿ.

ಮಾವ: ಮಸಾಲೆಗೆ ಬೋಡಿನಾಯಕನೂರು. ಮೇಲಿನ ಬೆಟ್ಟದ ಏಲಕ್ಕಿ ಇಳಿದು ಬರೋದು ಅಲ್ಲಿಗೆ. ಸಾಂಬಾರ ಮಂಡಳಿಯ ಹರಾಜು ಕೇಂದ್ರ ಇದೆ, ಬೀದಿ ತುಂಬ ವ್ಯಾಪಾರಿಗಳ ಮಳಿಗೆ. ಒಳಗೆ ಹೆಂಗಸರು ಗಾತ್ರ, ಬಣ್ಣ ನೋಡಿ ಕಾಯಿ ಬೇರೆ ಮಾಡ್ತಾ ಕೂತಿರ್ತಾರೆ. ಮಟ್ಟಾಂಚೇರಿಯ ಮಸಾಲೆ ಬೀದಿ ಈಗ ಬಹುಪಾಲು ಪ್ರವಾಸಿಗರಿಗೆ, ಇದು ವ್ಯಾಪಾರಕ್ಕೆ. ಮಧುರೆಯಿಂದ ಬೋಡಿಗೆ ಹೋಗ್ತಿದ್ದ ಮೀಟರ್ ಗೇಜ್ ರೈಲು 2010ರ ಕೊನೆಗೆ ನಿಂತಿತ್ತು. ಬ್ರಾಡ್ ಗೇಜ್ ಆಗಿ ಬೋಡಿ ಮುಟ್ಟಿದ್ದು 2023ರಲ್ಲಿ.

ಅಳಿಯ: ದ್ರಾಕ್ಷಿ ತೋಟಕ್ಕೆ ಬಿಡ್ತಾರಾ?

ಮಾವ: ಕೇಳಿದರೆ ಬಿಡ್ತಾರೆ. ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿ ಕಡೆ ರಸ್ತೆಬದಿಯಲ್ಲೇ ತೋಟ. ಕಲ್ಲುಕಂಬ ನೆಟ್ಟು ಮೇಲೆ ತಂತಿ ಹೆಣೆದ ಚಪ್ಪರ. ಬಗ್ಗಿ ಒಳಗೆ ಹೋದರೆ ತಲೆಗೆ ತಾಗೋ ಹಾಗೆ ನೇರಳೆ ಬಣ್ಣದ ಗೊಂಚಲು. ಪನ್ನೀರ್ ದ್ರಾಕ್ಷಿ ಅಂತಾರೆ. 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಂದದ್ದು, 2023ರಲ್ಲಿ ಭೌಗೋಳಿಕ ಗುರುತು ಸಿಕ್ತು. ನಮ್ಮ ವಿಜಯಪುರದಲ್ಲಿ ಚಾಟನಿ ಅಂತಾರಲ್ಲ, ಅದನ್ನ ಇವರು ಕವಾತ್ತು ಅಂತಾರೆ. ಒಂದು ತೋಟದಲ್ಲಿ ಈ ತಿಂಗಳು, ಪಕ್ಕದಲ್ಲಿ ಮುಂದಿನ ತಿಂಗಳು ಕವಾತ್ತು ಮಾಡ್ತಾ ಹೋಗೋದ್ರಿಂದ ಕಣಿವೆಯಲ್ಲಿ ವರ್ಷವಿಡೀ ಎಲ್ಲೋ ಒಂದು ಕಡೆ ಹಣ್ಣು ಇದ್ದೇ ಇರುತ್ತೆ. ಹಾಗೆ ಮಾಡಬೇಕಾದರೆ ನೀರು ಬೇಕು. ಈಗ ನಿನ್ನ ಕಡಲಿಗೆ ಬಂದೆ ನೋಡು.

ಅಳಿಯ: ಇಷ್ಟು ಹೊತ್ತು ಕಾದದ್ದಕ್ಕೆ ಬಂತು.

ಮಾವ: ಪೆರಿಯಾರ್ ಕೇರಳದ ಹೊಳೆ. ಪಶ್ಚಿಮಕ್ಕೆ ಹರಿದು ಆಲುವ ದಾಟಿ ಕೊಚ್ಚಿಯ ಉತ್ತರಕ್ಕೆ ಅರಬ್ಬೀ ಕಡಲು ಸೇರುತ್ತೆ. 1341ರಲ್ಲಿ ಆ ಹೊಳೆಗೆ ಬಂದ ಪ್ರವಾಹದಲ್ಲಿ ಹಳೆಯ ಮುಜಿರಿಸ್ ರೇವು ಹೂತು, ಕೊಚ್ಚಿಯ ಅಳಿವೆ ತೆರೆದುಕೊಳ್ತು ಅಂತ ಚರಿತ್ರೆ ಬರೆದವರು ಹೇಳ್ತಾರೆ. ನೀನು ನೋಡೋಕೆ ಹೊರಟ ಬಂದರು ಆ ಹೊಳೆ ಕೊಟ್ಟದ್ದು. ಈ ಕಡೆ ಕಂಬಂ, ಮಧುರೆ, ರಾಮನಾಥಪುರ ಬರಗಾಲದ ಸೀಮೆ. ಬೆಟ್ಟದ ಆ ಬದಿ ಮಳೆ ಸುರಿದು ಕಡಲಿಗೆ ಹೋಗ್ತಿದ್ದರೆ ಈ ಬದಿ ವೈಗೈ ಒಣಗಿ ಮಲಗಿರೋದು. ಜಾನ್ ಪೆನ್ನಿಕ್ವಿಕ್ ಅನ್ನೋ ಎಂಜಿನಿಯರು ಸುಣ್ಣ, ಸುರ್ಕಿ ಹಾಕಿ ಅಣೆ ಕಟ್ಟಿಸಿ, ಬೆಟ್ಟದ ದಿಂಡಿನಲ್ಲಿ ಸುಮಾರು 1.7 ಕಿಲೋಮೀಟರ್ ಸುರಂಗ ಕೊರೆಸಿ, ನೀರನ್ನ ಪೂರ್ವಕ್ಕೆ ತಿರುಗಿಸಿದ. 1895ರಲ್ಲಿ ನೀರು ಹರೀತು. ಅದೇ ಮುಲ್ಲಪೆರಿಯಾರ್. ಪಶ್ಚಿಮದ ಕಡಲಿಗೆ ಹೋಗಬೇಕಿದ್ದ ನೀರು ವೈಗೈ ಸೇರಿ ಪೂರ್ವದ ಗದ್ದೆಗೆ ಹೋಯ್ತು.

ಅಳಿಯ: ಅಣೆಕಟ್ಟು ನೋಡಬಹುದಾ?

ಮಾವ: ಅಣೆಕಟ್ಟಿಗೆ ಬಿಡಲ್ಲ, ಅದು ಕೇರಳದ ಹುಲಿ ಕಾಡಿನೊಳಗಿದೆ. ಆದರೆ ನಿನ್ನ ಮಕ್ಕಳು ತೇಕ್ಕಡಿಯಲ್ಲಿ ದೋಣಿ ಹತ್ತೋ ಕೆರೆ ಇದೆಯಲ್ಲ, ಅದು ಆ ಅಣೆಕಟ್ಟಿನ ಹಿನ್ನೀರೇ. ಇತ್ತ ಘಟ್ಟದ ಬುಡದಲ್ಲಿ ಲೋಯರ್ ಕ್ಯಾಂಪ್. ಬೆಟ್ಟದ ಮೇಲಿಂದ ದಪ್ಪ ಕೊಳವೆಗಳು ಇಳಿದು ಬಂದಿರೋದು ರಸ್ತೆಗೇ ಕಾಣುತ್ತೆ. ಪೆನ್ನಿಕ್ವಿಕ್ ಸ್ಮಾರಕವೂ ಅಲ್ಲೇ, 2013ರಲ್ಲಿ ಸರ್ಕಾರ ಕಟ್ಟಿಸಿದ್ದು. ಅವನು ಹುಟ್ಟಿದ್ದು ಜನವರಿ 15, 1841. ಹುಟ್ಟಿದ ದಿನ ಪೊಂಗಲಿನ ಜೊತೆಗೇ ಬರೋದ್ರಿಂದ ರೈತರು ಅವನ ಹೆಸರಲ್ಲಿ ಪೊಂಗಲ್ ಇಡ್ತಾರೆ. ಕಣಿವೆಯಲ್ಲಿ ಗಂಡುಮಕ್ಕಳಿಗೆ ಅವನ ಹೆಸರು ಇಟ್ಟೋರೂ ಇದ್ದಾರೆ.

ಅಳಿಯ: ಕೇರಳದವರಿಗೆ ಆ ಅಣೆಕಟ್ಟು ಅಂದರೆ ಭಯ ಅಲ್ವಾ?

ಮಾವ: ಹೌದು. ಹಳೇ ಗಾರೆಯ ಕಟ್ಟೆ, ಕೆಳಗೆ ಇಡುಕ್ಕಿಯಿಂದ ಕೊಚ್ಚಿವರೆಗೂ ಜನವಸತಿ. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿವರೆಗೆ ನೀರು ನಿಲ್ಲಿಸಬಹುದು ಅಂದಿತು, ಗಲಾಟೆ ನಿಂತಿಲ್ಲ. ಕಾವೇರಿ ಜಗಳ ನೋಡಿಕೊಂಡು ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ನಾವು ಯಾರ ಕಡೆಯವರೂ ಅಲ್ಲ. ಕಂಬಂನಲ್ಲಿ ದ್ರಾಕ್ಷಿಯವನ ಮಾತು ಕೇಳು, ಆಲುವದಲ್ಲಿ ಹೊಳೆದಡದವನ ಮಾತು ಕೇಳು. ಒಂದೇ ಪ್ರವಾಸದಲ್ಲಿ ಎರಡೂ ದಡ ನೋಡೋ ಅವಕಾಶ ಎಲ್ಲರಿಗೂ ಸಿಗಲ್ಲ.

ಅಳಿಯ: ಸರಿ ಮಾವ, ಎರಡು ರಾತ್ರಿ ಈ ಕಡೆಗೆ ಇಡ್ತೀನಿ. ದಿಂಡಿಗಲ್ಲಲ್ಲಿ ಒಂದು, ಕಂಬಂನಲ್ಲಿ ಒಂದು. ಆದರೆ ಕೊಚ್ಚಿ ಬಿಡಲ್ಲ. ನಿಮ್ಮ ಸೊಸೆಗೆ ಕಡಲು ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ.

ಮಾವ: ಬಿಡು ಅಂತ ಯಾರು ಹೇಳಿದರು? ಉತ್ತಮಪಾಳಯಂ ಹತ್ತಿರ ಬಂಡೆ ಮೇಲೆ ಸಾಲಾಗಿ ತೀರ್ಥಂಕರರನ್ನ ಕೆತ್ತಿದ್ದಾರೆ, ಸುರುಳಿ ಜಲಪಾತ ಇದೆ. ಹೊತ್ತಿದ್ದರೆ ನೋಡು, ಇಲ್ಲದಿದ್ದರೆ ಬಿಡು. ಬೀಗ, ಮಂದೆ, ಲೋಯರ್ ಕ್ಯಾಂಪ್, ಈ ಮೂರು ಮಾತ್ರ ತಪ್ಪಿಸಬೇಡ. ಮೂರೂ ಇವತ್ತಿಗೂ ಕೆಲಸ ಮಾಡ್ತಿರೋವು. ಕೊಚ್ಚಿಯಲ್ಲೂ ಹಾಗೇ ನೋಡು. ಚೀನೀ ಬಲೆ ಎದುರು ಫೋಟೋ ಹಿಡಿಯೋಕೆ ಮುಂಚೆ ಅದನ್ನ ಎಳೆಯೋರು ಎಷ್ಟು ಜನ, ಮೀನು ಎಷ್ಟು ಬಿತ್ತು ಅಂತ ಕೇಳು.

ಅಳಿಯ: ಕಂಬಂನಲ್ಲಿ ಎಲ್ಲಿ ಇಳಿದುಕೊಳ್ಳೋದು?

ಮಾವ: ಬಸ್ ನಿಲ್ದಾಣದ ಸುತ್ತ ಲಾಡ್ಜುಗಳಿವೆ. ಶಬರಿಮಲೆ ಮಕರಜ್ಯೋತಿ ಸಮಯ, ಮೇಲೆ ಪೊಂಗಲ್ ರಜೆ. ನಾಳೆ ಮಾಡ್ತೀನಿ ಅಂದರೆ ರೂಮು ಸಿಗಲ್ಲ, ಈಗಲೇ ಫೋನ್ ಮಾಡು.